ಹಟ್ಟಿ ಕ್ಯಾಂಪು ಊರಾಗಿದ್ದು ಹೇಗೆ? ನಾಳೆ ಗಣಿ ನಿಂತರೆ ಪೇಟೆ ನಿಲ್ಲುತ್ತಾ?

ಲಿಂಗಸುಗೂರು: ತಾಲೂಕಿನ ಯಾವುದೇ ಹಳ್ಳಿಯಲ್ಲಿ 'ಕ್ಯಾಂಪಿಗೆ ಹೊಂಟೀನಿ' ಅಂದರೆ ಎರಡು ಅರ್ಥ. ಸಿಂಧನೂರು ಕಡೆಯವರಿಗೆ ಅದು ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳ ನಡುವೆ ಎದ್ದ ಕ್ಯಾಂಪು. ಲಿಂಗಸುಗೂರು ಕಡೆಯವರಿಗೆ ಹಟ್ಟಿ ಚಿನ್ನದ ಗಣಿ ಕ್ಯಾಂಪು. ಒಂದು ನೀರಿನಿಂದ ಹುಟ್ಟಿದ್ದು, ಇನ್ನೊಂದು ಬಂಗಾರದಿಂದ. ಕಾಲುವೆ ಕ್ಯಾಂಪುಗಳು ಹೊಲಕ್ಕೆ ಅಂಟಿಕೊಂಡು ಹಳ್ಳಿಗಳಾದವು. ಹಟ್ಟಿ ಮಾತ್ರ ಪಗಾರಕ್ಕೆ ಅಂಟಿಕೊಂಡು ಪಟ್ಟಣವಾಯಿತು.

ಪಗಾರದ ಮೇಲೆ ನಿಂತ ಊರಿಗೆ ಒಂದು ಪ್ರಶ್ನೆ ಯಾವಾಗಲೂ ಇದ್ದೇ ಇರುತ್ತದೆ. ನೆಲದೊಳಗಿನ ಬಂಗಾರ ಬೆಳೆಯಲ್ಲ. ತೆಗೆದಷ್ಟೂ ಕಡಿಮೆಯಾಗುತ್ತದೆ. ಇವತ್ತು ಗಣಿ ನಡೆಯುತ್ತಿದೆ, ವ್ಯಾಪಾರ ನಡೆಯುತ್ತಿದೆ. ಅದು ನಿಂತ ದಿನ ಅಂಗಡಿ, ಮನೆ, ಪ್ಲಾಟುಗಳ ಗತಿ ಏನು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್, ಈ ದಾರಿಯಲ್ಲಿ ಮುಂದೆ ಹೋಗಿದೆ.

ಮೊದಲು ಬಂಗಾರ, ಆಮೇಲೆ ಊರು

ಹಟ್ಟಿಯಿಂದ ಮಸ್ಕಿವರೆಗಿನ ನೆಲವನ್ನು ಭೂವಿಜ್ಞಾನಿಗಳು 'ಹಟ್ಟಿ-ಮಸ್ಕಿ ಪಟ್ಟೆ' ಅಂತ ಕರೆಯುತ್ತಾರೆ. ಕೋಟ್ಯಂತರ ವರ್ಷಗಳ ಹಿಂದಿನ ಕಪ್ಪು-ಹಸಿರು ಬಂಡೆ, ಅದರ ಸೀಳುಗಳಲ್ಲಿ ಬಿಳಿ ಬೆಣಚುಕಲ್ಲು, ಆ ಬೆಣಚಿನಲ್ಲಿ ಬಂಗಾರದ ಕಣ. ಹಟ್ಟಿಯಲ್ಲಿ ಹಿಂದಿನವರು ಯಂತ್ರವಿಲ್ಲದೆ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು, ಮೇಲೆ ನೀರು ಸುರಿದು ಬಿರುಕು ಬಿಡಿಸುವುದು, ಅದು ಅವರ ವಿಧಾನ. ಆ ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಅವು ಸುಮಾರು 2 ಸಾವಿರ ವರ್ಷ ಹಳೆಯವು ಅಂತ ತಿಳಿದುಬಂದಿದೆ.

ಮಸ್ಕಿಯ ಅಶೋಕನ ಶಾಸನ ಎಲ್ಲರಿಗೂ ಗೊತ್ತು. 1915ರಲ್ಲಿ ಅದನ್ನು ಕಂಡವರು ಸಿ. ಬೀಡನ್, ಅವರು ಬಂಗಾರದ ಗಣಿ ಎಂಜಿನಿಯರ್. ಬಂಗಾರ ಹುಡುಕಿಕೊಂಡು ಬಂದವರ ಕಣ್ಣಿಗೆ 'ದೇವಾನಾಂಪ್ರಿಯ'ನ ಜೊತೆ 'ಅಶೋಕ' ಎಂಬ ಹೆಸರೂ ಇದ್ದ ಶಾಸನ ಬಿತ್ತು. ಮೌರ್ಯರ ದಕ್ಷಿಣದ ಕೇಂದ್ರವಾಗಿದ್ದ ಸುವರ್ಣಗಿರಿ ಇದೇ ಸೀಮೆಯಲ್ಲಿ ಎಲ್ಲೋ ಇದ್ದಿರಬೇಕು ಅಂತ ಕೆಲವು ಇತಿಹಾಸಕಾರರು ಊಹಿಸಲು ಇಲ್ಲಿನ ಬಂಗಾರವೂ ಒಂದು ಕಾರಣ.

ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ, ಹೈದರಾಬಾದ್ (ಡೆಕ್ಕನ್) ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಒಂದಷ್ಟು ಬಂಗಾರ ತೆಗೆದು ಬಿಟ್ಟಿತು. ಗಣಿ ಮುಚ್ಚಿತು, ಜನ ಚದುರಿದರು. ಅಂದರೆ ಹಟ್ಟಿ ಒಮ್ಮೆ ಮುಚ್ಚುವುದನ್ನೂ ಕಂಡ ಊರೇ. ಮತ್ತೆ ಜೀವ ಬಂದದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿದಾಗ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಂಪನಿಯ ಹೆಸರು ಹಟ್ಟಿ ಗೋಲ್ಡ್ ಮೈನ್ಸ್ ಅಂತಾಯಿತು. ಇವತ್ತು ಅದು ರಾಜ್ಯ ಸರ್ಕಾರದ ಕಂಪನಿ. ದೇಶದಲ್ಲಿ ಅದಿರಿನಿಂದ ಬಂಗಾರ ತೆಗೆಯುವ ಮುಖ್ಯ ಗಣಿ ಇದೇ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದೂವರೆ ಟನ್ ಆಸುಪಾಸು ಬಂಗಾರ ಇಲ್ಲಿಂದ ಬರುತ್ತಿದೆ.

ಕ್ಯಾಂಪು ಬೇರೆ, ಊರು ಬೇರೆ

ಗಣಿ ಕ್ಯಾಂಪು ಅಂದರೆ ಎಲ್ಲವೂ ಕಂಪನಿಯದ್ದು. ನೆಲ, ಕ್ವಾರ್ಟರ್ಸ್, ನೀರು, ಬೀದಿದೀಪ, ಆಸ್ಪತ್ರೆ, ಶಾಲೆ ಎಲ್ಲಾ. ಕೃಷ್ಣಾ ನದಿ ನೀರು ತಿಂಥಣಿ ಬ್ರಿಜ್ ಕಡೆಯಿಂದ ಪೈಪಿನಲ್ಲಿ ಇಲ್ಲಿಗೆ ಬರುವುದಕ್ಕೂ ಗಣಿಯೇ ಕಾರಣ. ಅದಿರು ಅರೆಯಲು ನೀರು ಬೇಕು, ಅದರ ಜೊತೆಗೆ ಜನಕ್ಕೂ ಬಂತು. ಕ್ಯಾಂಪಿನಲ್ಲಿ ಇರುವವರು ಮನೆಯ ಮಾಲೀಕರಲ್ಲ. ನೌಕರಿ ಇರುವವರೆಗೆ ಮನೆ, ನಿವೃತ್ತಿಯಾದರೆ ಕೀಲಿ ವಾಪಸ್.

ಊರು ಅಂದರೆ ಹಾಗಲ್ಲ. ಖಾತಾ ಇರುತ್ತದೆ, ತೆರಿಗೆ ಇರುತ್ತದೆ, ಓಟು ಹಾಕಿ ಆರಿಸಿದ ಸದಸ್ಯರು ಇರುತ್ತಾರೆ. ನೀರು ಬರದಿದ್ದರೆ ಕೇಳಲು ಒಂದು ಕಚೇರಿ ಇರುತ್ತದೆ. ಹಟ್ಟಿಯಲ್ಲಿ ಇವೆರಡೂ ಅಕ್ಕಪಕ್ಕ ಇವೆ. ಹಳೇ ಊರು ಮತ್ತು ಅದರ ಸುತ್ತ ಬೆಳೆದ ಬಡಾವಣೆಗಳಿಗೆ ಪಟ್ಟಣ ಪಂಚಾಯಿತಿ. ಕಂಪನಿ ಪ್ರದೇಶಕ್ಕೆ ಅಧಿಸೂಚಿತ ಪ್ರದೇಶದ ವ್ಯವಸ್ಥೆ. ರಸ್ತೆಯ ಈ ಕಡೆ ಒಂದು ಆಡಳಿತ, ಆ ಕಡೆ ಇನ್ನೊಂದು. ಹೊಸಬರಿಗೆ ಇದು ಗೊಂದಲ, ಹಟ್ಟಿಯವರಿಗೆ ದಿನದ ಮಾತು.

ಕಾನೂನಿನ ಲೆಕ್ಕದಲ್ಲೂ ಹಳ್ಳಿ ಪಟ್ಟಣವಾಗಲು ಬರೀ ಜನಸಂಖ್ಯೆ ಸಾಲದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಪಟ್ಟಣ ಪಂಚಾಯಿತಿಗೆ ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಜನ ಇರಬೇಕು, ಚದರ ಕಿ.ಮೀ.ಗೆ 400 ಜನರ ಸಾಂದ್ರತೆ ಇರಬೇಕು, ಜೊತೆಗೆ ದುಡಿಯುವವರಲ್ಲಿ ಅರ್ಧದಷ್ಟಾದರೂ ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಸುತ್ತ ಎಲ್ಲಾ ಮಳೆಯಾಶ್ರಿತ ತೊಗರಿ, ಸಜ್ಜೆ, ಜೋಳದ ಹೊಲ ಇರುವ ಈ ಭಾಗದಲ್ಲಿ ಈ ಕೊನೆಯ ಷರತ್ತು ಪೂರೈಸುವ ಊರುಗಳು ಕಡಿಮೆ. ಹಟ್ಟಿಗೆ ಅದನ್ನು ಕೊಟ್ಟದ್ದು ಗಣಿ.

ಪಗಾರ ಪೇಟೆಗೆ ಬರುವ ದಾರಿ

ಗಣಿ ಊರು ಬೆಳೆಯುವ ರೀತಿಗೆ ಒಂದು ಕ್ರಮ ಇದೆ. ಮೊದಲು ಪಾಳಿ ಕೆಲಸಗಾರರಿಗಾಗಿ ಚಹಾ ಅಂಗಡಿ, ಖಾನಾವಳಿ. ಆಮೇಲೆ ತಿಂಗಳ ಉದ್ರಿ ಕೊಡುವ ಕಿರಾಣಿ. ಪಗಾರ ಖಾತ್ರಿ ಇರುವುದರಿಂದ ಅಂಗಡಿಯವರು ಧೈರ್ಯವಾಗಿ ಉದ್ರಿ ಕೊಡುತ್ತಾರೆ. ರೈತನ ಉದ್ರಿ ಸುಗ್ಗಿವರೆಗೆ ಕಾಯಬೇಕು, ಅದೂ ಮಳೆ ಆದರೆ ಮಾತ್ರ. ಗಣಿ ಕಾರ್ಮಿಕನ ಉದ್ರಿ ತಿಂಗಳಿಗೆ ಬರುತ್ತದೆ. ಈ ಒಂದು ವ್ಯತ್ಯಾಸದ ಮೇಲೆಯೇ ಹಟ್ಟಿ ಬಜಾರು ನಿಂತಿದೆ.

ಮೂರನೇ ಹಂತ ಮನೆ. ಮೂವತ್ತು ವರ್ಷ ಕ್ವಾರ್ಟರ್ಸಿನಲ್ಲಿ ಇದ್ದವರು ನಿವೃತ್ತಿಯ ಹೊತ್ತಿಗೆ ಸ್ವಂತ ಮನೆ ಬೇಕು ಅಂತಾರೆ. ಮಕ್ಕಳ ಶಾಲೆ, ಆಸ್ಪತ್ರೆ, ಗುರುತಿನ ಜನ ಎಲ್ಲಾ ಇಲ್ಲೇ ಇರುವುದರಿಂದ ಹುಟ್ಟಿದ ಹಳ್ಳಿಗೆ ವಾಪಸ್ ಹೋಗುವವರು ಕಡಿಮೆ. ಹೊಲಗಳು ಪ್ಲಾಟುಗಳಾಗುವುದು ಆವಾಗ. ನಾಲ್ಕನೇ ಹಂತದಲ್ಲಿ ದುಡ್ಡು ಊರು ದಾಟುತ್ತದೆ. ಇನ್ನೂ ಒಳ್ಳೆ ಕಾಲೇಜು, ಕೋರ್ಟು-ಕಚೇರಿ, ದೊಡ್ಡ ಬಸ್ ನಿಲ್ದಾಣ ಇರುವ ಲಿಂಗಸುಗೂರಿನಲ್ಲಿ ಮನೆ ಮಾಡಿ ಹಟ್ಟಿಗೆ ಓಡಾಡಬಹುದು. ಸುಮಾರು 20 ಕಿ.ಮೀ. ದೂರ ಇವತ್ತಿನ ಬೈಕು-ಬಸ್ಸಿನ ಕಾಲಕ್ಕೆ ದೊಡ್ಡದಲ್ಲ.

ಹಾಗಾಗಿ ಹಟ್ಟಿಯ ಪಗಾರ ಹಟ್ಟಿಯದ್ದು ಮಾತ್ರ ಅಲ್ಲ. ಲಿಂಗಸುಗೂರಿನ ಬಟ್ಟೆ ಅಂಗಡಿ, ಸಿಂಧನೂರಿನ ಅಕ್ಕಿ ವ್ಯಾಪಾರ, ಮಸ್ಕಿ ರಸ್ತೆಯ ಗ್ಯಾರೇಜು, ಎಲ್ಲಕ್ಕೂ ಅದರ ಒಂದು ಪಾಲು ಹೋಗುತ್ತದೆ. ಗಣಿಯ ಭವಿಷ್ಯ ಮೂರೂ ತಾಲೂಕಿನ ವ್ಯಾಪಾರಿಗಳಿಗೆ ಸಂಬಂಧಪಟ್ಟ ವಿಷಯ ಅನ್ನುವುದು ಇದೇ ಕಾರಣಕ್ಕೆ.

ಕೆಜಿಎಫ್‌ನಲ್ಲಿ ಏನಾಯಿತು?

ಕೋಲಾರ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲೇ. ಒಂದು ಕಾಲಕ್ಕೆ 30 ಸಾವಿರದಷ್ಟು ಜನ ಅಲ್ಲಿ ದುಡಿದರು. ಗಣಿ ಪ್ರದೇಶದ ಹೊರಗೆ ಮೈಸೂರು ಸರ್ಕಾರ ರಾಬರ್ಟ್‌ಸನ್‌ಪೇಟೆ ಕಟ್ಟಿಸಿತು. ಹಟ್ಟಿಯ ಹಾಗೆಯೇ ಅಲ್ಲೂ ಒಂದು ಕಡೆ ಕಂಪನಿ ಲೈನು, ಇನ್ನೊಂದು ಕಡೆ ಪೇಟೆ.

1956ರಲ್ಲಿ ರಾಜ್ಯ ಸರ್ಕಾರ ಗಣಿಯನ್ನು ತೆಗೆದುಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಆಯಿತು. ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಗಾಳಿ ತಂಪು ಮಾಡಬೇಕು, ನೀರು ಎತ್ತಬೇಕು, ಬಂಡೆ ಸಿಡಿಯುವ ಅಪಾಯ ಬೇರೆ. ಅದಿರಿನಲ್ಲಿ ಬಂಗಾರ ಕಡಿಮೆಯಾಗುತ್ತಾ ಬಂತು, ಖರ್ಚು ಏರುತ್ತಾ ಹೋಯಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಗ ಮಾರುಕಟ್ಟೆಯಲ್ಲಿ 10 ಗ್ರಾಂ ಬಂಗಾರದ ದರ ಇದ್ದದ್ದು ನಾಲ್ಕೂವರೆ ಸಾವಿರ ರೂಪಾಯಿ ಒಳಗೆ.

ಊರು ಖಾಲಿಯಾಗುತ್ತದೆ ಅಂತ ಅಂದುಕೊಂಡವರೇ ಹೆಚ್ಚು. ಆದರೆ ಆಗಲಿಲ್ಲ. 2011ರ ಜನಗಣತಿಯಲ್ಲೂ ಆ ನಗರದಲ್ಲಿ ಒಂದೂವರೆ ಲಕ್ಷದ ಆಸುಪಾಸು ಜನ ಇದ್ದರು. ಮಸ್ಕಿ ಹೊಸ ತಾಲೂಕು ಆದಾಗಲೇ ಕೆಜಿಎಫ್ ಕೂಡ ತಾಲೂಕು ಕೇಂದ್ರವಾಯಿತು. ಉಳಿದದ್ದು ಹೇಗೆ ಅಂದರೆ ಮೂರು ಕಾರಣ.

ಒಂದು, ರೈಲು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಗಣಿಗಾಗಿ 1890ರ ದಶಕದಲ್ಲೇ ಹಾಕಿದ ಹಳಿ ಗಣಿ ಮುಚ್ಚಿದ ಮೇಲೂ ಉಳಿಯಿತು. ಕಲ್ಲು, ಯಂತ್ರ, ಸಾಮಾನು ಸಾಗಿಸಿದ ಹಳಿಯ ಮೇಲೆ ಈಗ ಜನ ಓಡಾಡುತ್ತಾರೆ. ಬೆಳಗಿನ ಜಾವ ಊಟದ ಡಬ್ಬಿ ಹಿಡಿದು ಬೆಂಗಳೂರಿಗೆ, ರಾತ್ರಿ ವಾಪಸ್. ಸುಮಾರು 100 ಕಿ.ಮೀ. ದೂರದ ಗಣಿ ಊರು ಹೀಗೆ ಬೆಂಗಳೂರಿನ ಉಪನಗರವಾಯಿತು.

ಎರಡು, ಬೇರೆ ಕಾರ್ಖಾನೆ. ಗಣಿ ಇನ್ನೂ ನಡೆಯುತ್ತಿದ್ದಾಗಲೇ, 1964ರಲ್ಲಿ, ಬೆಮೆಲ್ ಸ್ಥಾಪನೆಯಾಗಿ ಅದರ ಕಾರ್ಖಾನೆ ಕೆಜಿಎಫ್‌ಗೆ ಬಂತು. ಗಣಿ ಪಗಾರ ನಿಂತಾಗ ಊರಲ್ಲಿ ಇನ್ನೊಂದು ಪಗಾರ ಇತ್ತು.

ಮೂರು, ಪೇಟೆ ಗಣಿಯ ಹೊರಗೆ ಇದ್ದದ್ದು. ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲು ಕಂಪನಿ ನೆಲದ ಮೇಲೆ ಇರಲಿಲ್ಲ, ನಗರಸಭೆ ಬೇರೆ ಇತ್ತು. ಕಂಪನಿಗೆ ಬೀಗ ಬಿದ್ದರೂ ಪೇಟೆಗೆ ಬೀಳಲಿಲ್ಲ.

ಆದರೆ ನಷ್ಟವೂ ಸಣ್ಣದಲ್ಲ. ಕಂಪನಿ ಲೈನುಗಳ ಮನೆ ಯಾರದ್ದು ಅನ್ನುವ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ಬಿಜಿಎಂಎಲ್ ಹೆಸರಿನಲ್ಲಿದ್ದ ಸುಮಾರು 12 ಸಾವಿರ ಎಕರೆ ಏನು ಮಾಡಬೇಕು ಅನ್ನುವುದು ಕೇಂದ್ರ-ರಾಜ್ಯದ ನಡುವಿನ ಪತ್ರ ವ್ಯವಹಾರವಾಗಿ ಉಳಿಯಿತು. ಅದಿರು ಅರೆದು ಬಂಗಾರ ತೆಗೆದ ಮೇಲೆ ಉಳಿದ ಸೈನೈಡ್ ಮಣ್ಣಿನ ಗುಡ್ಡಗಳು ಊರ ನಡುವೆಯೇ ನಿಂತವು. 3 ಕೋಟಿ ಟನ್ನಿಗೂ ಹೆಚ್ಚಿನ ಆ ಮಣ್ಣು ಗಾಳಿಗೆ ಹಾರಿ ಮನೆಮನೆಗೂ ಬಂತು. ಆ ಗುಡ್ಡಗಳಲ್ಲಿ ಉಳಿದ ಬಂಗಾರ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿದ್ದು 2024ರಲ್ಲಿ, ಗಣಿ ಮುಚ್ಚಿ 23 ವರ್ಷ ಆದ ಮೇಲೆ.

ಹಟ್ಟಿಗೆ ಬೆಂಗಳೂರು ಇಲ್ಲ

ಕೆಜಿಎಫ್ ಉಳಿದ ಮೂರು ಕಾರಣಗಳನ್ನು ಹಟ್ಟಿಗೆ ಹಚ್ಚಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪೇಟೆಗೆ ತನ್ನದೇ ಪಟ್ಟಣ ಪಂಚಾಯಿತಿ ಇದೆ, ಅದು ಒಳ್ಳೆಯದು. ಆದರೆ ದಿನ ಹೋಗಿ ಬರುವಷ್ಟು ಹತ್ತಿರದಲ್ಲಿ ದೊಡ್ಡ ನಗರ ಇಲ್ಲ. ಹಟ್ಟಿಗೆ ರೈಲೂ ಇಲ್ಲ. ಗಣಿಗೆ ಸಮನಾದ ಇನ್ನೊಂದು ಕಾರ್ಖಾನೆಯೂ ಇಲ್ಲ.

ಇರುವುದು ರಸ್ತೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಹಟ್ಟಿ ಅದರಿಂದ ಬದಿಗೆ ಇದೆ. ಸಿಂಧನೂರಿಗೆ ರೈಲು ಬಂದಿದೆ. ಗದಗ-ವಾಡಿ ಮಾರ್ಗ ಪೂರ್ತಿಯಾದರೆ ಲಿಂಗಸುಗೂರಿಗೂ ಹಳಿ ಬರುತ್ತದೆ. ಆಗ ಹಟ್ಟಿ ಬೆಂಗಳೂರಿನ ಉಪನಗರ ಆಗದಿದ್ದರೂ ಲಿಂಗಸುಗೂರಿನ ಉಪನಗರ ಆಗಬಹುದು. ಅಂದರೆ ವಾಸ, ಶಾಲೆ, ಸಣ್ಣ ವ್ಯಾಪಾರ ಒಂದು ಕಡೆ, ಕಚೇರಿ ಮತ್ತು ದೊಡ್ಡ ಮಾರುಕಟ್ಟೆ ಇನ್ನೊಂದು ಕಡೆ. ಅದಕ್ಕೆ ಬೇಕಾದದ್ದು ಹಟ್ಟಿ-ಲಿಂಗಸುಗೂರು ನಡುವೆ ಒಳ್ಳೆಯ ರಸ್ತೆ ಮತ್ತು ಹೊತ್ತು ತಪ್ಪದ ಬಸ್ಸು.

ಆಸರೆ ಹೋದರೂ ಊರು ಬದುಕಬಹುದು ಅನ್ನುವುದಕ್ಕೆ ಲಿಂಗಸುಗೂರೇ ಸಾಕ್ಷಿ. ನಿಜಾಮರ ಕಾಲದಲ್ಲಿ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು, ಇಲ್ಲಿ ಸೈನ್ಯದ ಛಾವಣಿ ಇತ್ತು. 1905ರಲ್ಲಿ ಜಿಲ್ಲೆ ರದ್ದಾಗಿ ರಾಯಚೂರಿಗೆ ಸೇರಿತು. ಛಾವಣಿಯೂ ಹೋಯಿತು. ಆದರೂ ಸುತ್ತಲ ಹಳ್ಳಿಗಳಿಗೆ ಬೇಕಾದ ಸಂತೆ, ಕಚೇರಿ, ದಾರಿ ಉಳಿದಿದ್ದರಿಂದ ಊರು ಉಳಿಯಿತು.

ಗಣಿಗೆ ಆಯುಷ್ಯ ಎಷ್ಟು?

ಇದು ಹೋಟೆಲ್ ಕಟ್ಟೆ ಮೇಲೆ ಹೆಚ್ಚು ಕೇಳುವ ಪ್ರಶ್ನೆ. ಉತ್ತರ ಬರೀ ನೆಲದೊಳಗೆ ಇಲ್ಲ, ಬಂಗಾರದ ದರದಲ್ಲೂ ಇದೆ. ಒಂದು ಟನ್ ಕಲ್ಲು ಮೇಲೆ ತಂದು, ಅರೆದು, ಸೈನೈಡ್ ದ್ರಾವಣದಲ್ಲಿ ಕರಗಿಸಿದರೆ ಸಿಗುವ ಬಂಗಾರ ಕೆಲವೇ ಗ್ರಾಂ. ಆ ಬಂಗಾರದ ಬೆಲೆ ಖರ್ಚಿಗಿಂತ ಹೆಚ್ಚಿದ್ದರೆ ಅದು ಅದಿರು, ಕಡಿಮೆ ಇದ್ದರೆ ಅದೇ ಕಲ್ಲು ಬರೀ ಕಲ್ಲು. ದರ ಏರಿದಾಗ ನಿನ್ನೆಯ ಕಲ್ಲು ಇವತ್ತು ಅದಿರಾಗುತ್ತದೆ, ಗಣಿಯ ಆಯುಷ್ಯ ಹೆಚ್ಚುತ್ತದೆ. ದರ ಇಳಿದರೆ ಉಲ್ಟಾ.

2025ರಲ್ಲಿ 10 ಗ್ರಾಂ ಬಂಗಾರ 1 ಲಕ್ಷ ರೂಪಾಯಿ ದಾಟಿತು. ಕೆಜಿಎಫ್ ಮುಚ್ಚಿದಾಗಿನ ದರಕ್ಕೆ ಹೋಲಿಸಿದರೆ 20 ಪಟ್ಟಿಗೂ ಹೆಚ್ಚು. ಹಾಗಾಗಿ ಹಟ್ಟಿ ಗಣಿಗೆ ಇದು ಒಳ್ಳೆಯ ಕಾಲ. ಗಣಿ ಊರುಗಳು ಮುಂದಿನ ಯೋಚನೆ ಮರೆಯುವುದೂ ಇಂಥ ಕಾಲದಲ್ಲೇ. ಕೆಜಿಎಫ್‌ಗೆ ಬೆಮೆಲ್ ಬಂದದ್ದು ಗಣಿ ಮುಚ್ಚಿದ ಮೇಲೆ ಅಲ್ಲ, 37 ವರ್ಷ ಮೊದಲು ಅನ್ನುವುದು ನೆನಪಿರಲಿ.

ಗಣಿ ದುಡ್ಡಿನಲ್ಲಿ ಊರಿನ ಪಾಲು

ಗಣಿ ಕಂಪನಿ ಸರ್ಕಾರಕ್ಕೆ ರಾಯಧನ ಕಟ್ಟುತ್ತದೆ. ಅದಿರಿನಿಂದ ತೆಗೆಯುವ ಬಂಗಾರಕ್ಕೆ ಇದು ಬೆಲೆಯ ಶೇ 4. 2015ರ ಗಣಿ ಕಾಯ್ದೆ ತಿದ್ದುಪಡಿ ಬಂದ ಮೇಲೆ, ಹಳೆಯ ಗುತ್ತಿಗೆಗಳು ಈ ರಾಯಧನದ ಶೇ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಡಿಎಂಎಫ್) ಹೆಚ್ಚುವರಿಯಾಗಿ ಕೊಡಬೇಕು. ಸರಳವಾಗಿ ಹೇಳುವುದಾದರೆ, 100 ರೂಪಾಯಿ ಬಂಗಾರ ತೆಗೆದರೆ ರಾಯಧನ 4 ರೂಪಾಯಿ, ಅದರ ಮೇಲೆ ಡಿಎಂಎಫ್‌ಗೆ 1 ರೂಪಾಯಿ 20 ಪೈಸೆ. ಬಂಗಾರದ ದರ ಏರಿದಷ್ಟೂ ಈ ಮೊತ್ತವೂ ಏರುತ್ತದೆ.

ಈ ದುಡ್ಡು ಗಣಿ ಬಾಧಿತ ಊರುಗಳಿಗೆ ಅಂತಲೇ ಇದೆ. ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಗಳಿಗೆ ಹೋಗಬೇಕು ಅಂತ ನಿಯಮ. ಯಾವ ಊರಿಗೆ ಯಾವ ಕಾಮಗಾರಿ ಬೇಕು ಅನ್ನುವ ಬೇಡಿಕೆ ಗ್ರಾಮಸಭೆಯಲ್ಲಿ, ಪಟ್ಟಣ ಪಂಚಾಯಿತಿ ಸಭೆಯಲ್ಲಿ ಬರಹದಲ್ಲಿ ದಾಖಲಾಗಬೇಕು. ಬಾಯಿಮಾತಿಗೆ ಹಣ ಬರುವುದಿಲ್ಲ.

ನೀರಿನ ವಿಷಯ ಇಲ್ಲಿ ಮುಖ್ಯ. ಈ ಪಟ್ಟೆಯ ಬಂಡೆಯಲ್ಲಿ ಬಂಗಾರದ ಜೊತೆಗೇ ಆರ್ಸೆನಿಕ್ ಇರುವ ಖನಿಜವೂ ಇದೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಗಣಿ ಭಾಗದ ಕೆಲವು ಕಡೆ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನು ಅಧ್ಯಯನಗಳು ತೋರಿಸಿವೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ಬೋರ್‌ವೆಲ್ ನೀರು ಕುಡಿಯುವ ಹಳ್ಳಿಗಳು ಪರೀಕ್ಷೆ ಮಾಡಿಸುವುದು, ನದಿ ನೀರಿಗೆ ಒತ್ತಾಯಿಸುವುದು ಎರಡೂ ಡಿಎಂಎಫ್ ಕೆಲಸಕ್ಕೆ ಸೇರುವಂಥವೇ. ಗಣಿ ಮುಚ್ಚುವ ಯೋಜನೆಯನ್ನೂ ಕಂಪನಿಗಳು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು ಅಂತ ಗಣಿ ನಿಯಮಗಳು ಹೇಳುತ್ತವೆ. ತ್ಯಾಜ್ಯ ಮಣ್ಣಿನ ಗುಡ್ಡ ಏನಾಗಬೇಕು ಅನ್ನುವುದು ಅದರಲ್ಲೇ ಇರುತ್ತದೆ. ಕೆಜಿಎಫ್‌ನ ಧೂಳು ನೋಡಿದವರಿಗೆ ಇದರ ಬೆಲೆ ಗೊತ್ತು.

ಅಂಗಡಿಯವರು, ಪ್ಲಾಟ್ ಕೊಳ್ಳುವವರು ಏನು ನೋಡಬೇಕು?

– ಅಂಗಡಿ ಯಾರ ನೆಲದ ಮೇಲಿದೆ ಅನ್ನುವುದು ಮೊದಲು ಖಚಿತ ಮಾಡಿಕೊಳ್ಳಿ. ಕಂಪನಿ ನೆಲದಲ್ಲಿದ್ದರೆ ನಿಮ್ಮ ಹತ್ತಿರ ಇರುವುದು ಬಾಡಿಗೆ ಅಥವಾ ಪರವಾನಗಿ, ಆಸ್ತಿ ಅಲ್ಲ. ಆ ಕಾಗದದ ಅವಧಿ ನೋಡಿ, ನವೀಕರಣ ಬಿಡಬೇಡಿ.

– ಹೊಲ ಪ್ಲಾಟ್ ಆಗಿದ್ದರೆ ಎನ್‌ಎ ಆದೇಶ, ಲೇಔಟ್ ಮಂಜೂರಾತಿ, ಇ-ಖಾತಾ ಮೂರೂ ಬೇಕು. ಬರೀ ಎನ್‌ಎ ಆಗಿದೆ ಅನ್ನುವ ಮಾತಿಗೆ ಮುಂಗಡ ಕೊಡಬೇಡಿ. ಮಂಜೂರಾತಿ ಇಲ್ಲದ ಲೇಔಟಿನಲ್ಲಿ ಸಾಲ, ನೀರು, ಚರಂಡಿ ಎಲ್ಲದಕ್ಕೂ ತೊಂದರೆ.

– ಪ್ಲಾಟ್ ಪಟ್ಟಣ ಪಂಚಾಯಿತಿ ಗಡಿಯೊಳಗಿದೆಯೋ, ಗ್ರಾಮ ಪಂಚಾಯಿತಿಗೆ ಸೇರಿದೆಯೋ ಕೇಳಿ. ತೆರಿಗೆ, ಸೌಲಭ್ಯ ಎರಡೂ ಅದರ ಮೇಲೆ ನಿಂತಿವೆ.

– ಉದ್ರಿ ಪುಸ್ತಕ ತೆಗೆದು ನೋಡಿ. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿ ಕಾಯಂ ನೌಕರರು, ಎಷ್ಟು ಮಂದಿ ಗುತ್ತಿಗೆಯವರು, ಎಷ್ಟು ಮಂದಿ ಸುತ್ತಲ ಹಳ್ಳಿಯವರು? ಮೂರನೇ ಲೆಕ್ಕ ಹೆಚ್ಚಿದಷ್ಟೂ ಅಂಗಡಿ ಗಟ್ಟಿ.

ಈ ಕೊನೆಯ ಮಾತು ಅಂಗಡಿಗೆ ಹೇಗೋ ಊರಿಗೂ ಹಾಗೆಯೇ. ಸುತ್ತಲ ಮೂವತ್ತು-ನಲವತ್ತು ಹಳ್ಳಿಯ ಜನ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ, ಬೀಜ-ಗೊಬ್ಬರಕ್ಕೆ ಹಟ್ಟಿಗೇ ಬರುವಂತಾದರೆ, ಶಾಫ್ಟಿನ ಗಾಲಿ ನಿಂತ ದಿನವೂ ಬಜಾರಿನ ಬಾಗಿಲು ತೆರೆಯುತ್ತದೆ. ಆ ಕೆಲಸ ಮಾಡಲು ಕಾಲ ಈಗಲೇ, ಗಣಿ ನಡೆಯುತ್ತಿರುವಾಗ, ಕೈಯಲ್ಲಿ ದುಡ್ಡು ಓಡಾಡುತ್ತಿರುವಾಗ.